ಹಿತ್ತಲ ಬೇಲಿ ದಾಟಿದ ಬಳ್ಳಿ

ಮಲೆನಾಡಿನ ಮನೆಗಳ ಹಿತ್ತಲಿನಲ್ಲಿ ಸೀಮೆಬದನೆ ಚಪ್ಪರ ಸಾಮಾನ್ಯ ನೋಟ. ಈ ತರಕಾರಿಗೆ ಒಂದು ವಿಶೇಷವಿದೆ. ಇದರ ಬೀಜವನ್ನು ಬಿಡಿಸಿ, ಒಣಗಿಸಿ, ಪೊಟ್ಟಣ ಕಟ್ಟಿಡಲು ಬರುವುದಿಲ್ಲ. ಕಾಯಿಯೊಳಗಿನ ಒಂದೇ ಬೀಜ ಅಲ್ಲಿಯೇ ಮೊಳಕೆಯೊಡೆಯುತ್ತದೆ. ನೆಡುವುದಾದರೆ ಇಡೀ ಕಾಯಿಯನ್ನೇ ನೆಡಬೇಕು. ಹಾಗಾಗಿ ಬಳ್ಳಿ ಬೇಕೆಂದವರು ಬೀಜದಂಗಡಿಗಿಂತ ಮೊದಲು ನೆರೆಮನೆಯನ್ನು ನೆನೆಯುತ್ತಾರೆ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ ಮೂಲದ ಈ ಬಳ್ಳಿಯನ್ನು ನಮ್ಮ ನಾಡಿಗೆ ಪರಿಚಯಿಸಿದ ಕೀರ್ತಿಯನ್ನು, 1874ರಿಂದ 1908ರವರೆಗೆ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್ ಅವರಿಗೆ ಕೊಡುವುದುಂಟು. ಆದರೆ ಅದನ್ನು ಹಿತ್ತಲಿಂದ ಹಿತ್ತಲಿಗೆ ದಾಟಿಸಿದ ಹೆಂಗಸರ ಹೆಸರು ಯಾವ ದಾಖಲೆಯಲ್ಲೂ ಇಲ್ಲ.

ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೋಗುವ ಹಾದಿಯಲ್ಲಿ ಸಿಗುವ ಬಾಳೂರು, ಮೂಡಿಗೆರೆ ತಾಲ್ಲೂಕಿನ ಒಂದು ಹೋಬಳಿ. ಗುಡ್ಡದ ಇಳಿಜಾರಿನಲ್ಲಿ ಕಾಫಿ, ಮರಗಳಿಗೆ ಹಬ್ಬಿದ ಮೆಣಸು, ಕಣಿವೆಯಲ್ಲಿ ಗದ್ದೆ. ತೋಟವೆಂದರೆ ಇಲ್ಲಿ ಕಾಫಿ ತೋಟವೇ. ಹತ್ತು ಮನೆಯವರು ಸೇರಿ ತರಕಾರಿ ಬೆಳೆದು ಹಂಚಿಕೊಳ್ಳುವ, ನಗರಗಳಲ್ಲಿ ‘ಸಮುದಾಯ ತೋಟ’ ಎಂದು ಹೆಸರಾದ ಜಾಗ ಈ ಊರಿಗೆ ಹೊಸ ಮಾತು. ಹಾಗೆಂದು ಕೂಡಿ ಬೆಳೆಯುವ ಪದ್ಧತಿಯೇ ಇಲ್ಲಿರಲಿಲ್ಲವೆ? ಇತ್ತು. ಅದು ಯಾರನ್ನು ಒಳಗೆ ಬಿಟ್ಟುಕೊಂಡಿತು, ಯಾರನ್ನು ಹೊರಗಿಟ್ಟಿತು ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ.

ಕಳೆದ ನೆಲ, ಮರಳಿ ಬಂದ ತುಂಡು

ಮೊದಲು ಹೊರಗಿನ ಕಥೆಯನ್ನು ನೋಡೋಣ. ಇಂಗ್ಲೆಂಡಿನಲ್ಲಿ ಹದಿನೆಂಟು ಮತ್ತು ಹತ್ತೊಂಬತ್ತನೇ ಶತಮಾನಗಳಲ್ಲಿ ಊರೊಟ್ಟಿನ ಹುಲ್ಲುಗಾವಲು, ಬಯಲುಗಳಿಗೆ ಬೇಲಿ ಬಿದ್ದಿತು. ಹಸು ಮೇಯಿಸಿ, ಸೌದೆ ಆಯ್ದು ಬದುಕುತ್ತಿದ್ದ ಬಡವರು ಕೂಲಿಗಳಾದರು. ಹಲವರು ಕಾರ್ಖಾನೆಯ ಊರುಗಳಿಗೆ ಗುಳೆ ಹೋದರು. ಹಸಿವು ಮತ್ತು ಅಸಮಾಧಾನ ಹೆಚ್ಚಿದಾಗ, ಕಾರ್ಮಿಕ ಕುಟುಂಬಕ್ಕೆ ತರಕಾರಿ ಬೆಳೆದುಕೊಳ್ಳಲು ತುಂಡು ನೆಲವನ್ನು ಅಲ್ಪ ಬಾಡಿಗೆಗೆ ಕೊಡುವ ಪದ್ಧತಿ ಬಂತು. 1908ರ ಕಾಯ್ದೆಯೊಂದು ಇದನ್ನು ಸ್ಥಳೀಯ ಸಂಸ್ಥೆಗಳ ಕರ್ತವ್ಯವನ್ನಾಗಿಯೇ ಮಾಡಿತು. ಒಂದು ತುಂಡಿನ ವಾಡಿಕೆಯ ಅಳತೆ ನಮ್ಮ ಲೆಕ್ಕದಲ್ಲಿ ಸುಮಾರು ಎರಡೂವರೆ ಗುಂಟೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಥ ತುಂಡುಗಳ ಸಂಖ್ಯೆ ಸುಮಾರು 14 ಲಕ್ಷಕ್ಕೆ ಏರಿತ್ತು.

ಜರ್ಮನಿಯ ಲೈಪ್ಜಿಗ್ ನಗರದ ಕಥೆ ಇನ್ನೊಂದು ಬಗೆಯದು. 1860ರ ದಶಕದಲ್ಲಿ ಅಲ್ಲಿ ಮಕ್ಕಳಿಗಾಗಿ ಆಟದ ಬಯಲೊಂದನ್ನು ಮಾಡಲಾಯಿತು. ಅದರ ಅಂಚಿನಲ್ಲಿ ಮಕ್ಕಳಿಗೆಂದು ಹಾಕಿದ ಪಾತಿಗಳನ್ನು ಕ್ರಮೇಣ ತಂದೆ ತಾಯಿಯರೇ ವಹಿಸಿಕೊಂಡರು. ಮುಂದೆ ಇಂಥ ಪುಟ್ಟ ಕುಟುಂಬ ತೋಟಗಳು ದೇಶದುದ್ದಕ್ಕೂ ಹಬ್ಬಿದವು.

ಈ ಎರಡೂ ಕಥೆಗಳಿಂದ ತಿಳಿಯುವುದು ಇಷ್ಟು: ಅಕ್ಕಪಕ್ಕದ ಪಾತಿಗಳಲ್ಲಿ ಕೆಲಸ ಮಾಡುವವರ ನಡುವೆ ಸ್ನೇಹ ತಾನಾಗಿ ಬೆಳೆಯುತ್ತದೆ. ಆದರೆ ಅದಕ್ಕೆ ಮೊದಲು ಪ್ರತಿಯೊಬ್ಬರಿಗೂ ಕಾಲೂರಲು ಒಂದು ಪಾತಿಯಾದರೂ ಇರಬೇಕು.

ಮುಯ್ಯಿಯ ಲೆಕ್ಕ

ನಮ್ಮ ಮಲೆನಾಡಿನಲ್ಲಿ ಆ ಸ್ನೇಹಕ್ಕೆ ಇದ್ದ ಹೆಸರು ಮುಯ್ಯಿ. ಜಡಿಮಳೆಯಲ್ಲಿ ನಾಟಿ ಮಾಡುವುದು ಒಂದೇ ಮನೆಯ ಜನರಿಂದ ಆಗುವ ಕೆಲಸವಲ್ಲ. ಸಸಿ ಬಲಿಯುವ ಮುನ್ನ, ಗದ್ದೆಯಲ್ಲಿ ನೀರಿರುವಾಗಲೇ ಅದು ಮುಗಿಯಬೇಕು. ಆದ್ದರಿಂದ ಒಂದು ಮನೆಯವರು ಇನ್ನೊಂದು ಮನೆಯ ಗದ್ದೆಗೆ ಹೋಗಿ ದುಡಿಯುತ್ತಿದ್ದರು. ಅವರು ಬಂದು ಅಷ್ಟೇ ಆಳಿನ ಕೆಲಸವನ್ನು ತೀರಿಸುತ್ತಿದ್ದರು. ಹೀಗೆ ಬಂದವರು ಮುಯ್ಯಾಳುಗಳು. ದುಡ್ಡಿನ ಮಾತಿಲ್ಲ, ಊಟ ಗದ್ದೆಯ ಮನೆಯವರದು. ಯಾರ ಮನೆಗೆ ಎಷ್ಟು ಆಳು ಬಾಕಿ ಎಂಬುದು ಪುಸ್ತಕದಲ್ಲಿ ಬರೆದಿಡುವ ಲೆಕ್ಕವಲ್ಲ, ನೆನಪಿನಲ್ಲಿ ಇಟ್ಟುಕೊಳ್ಳುವ ಲೆಕ್ಕ. ಮದುವೆ ಮನೆಯಲ್ಲಿ ಕೊಡುವ ಉಡುಗೊರೆಗೂ ‘ಮುಯ್ಯಿ’ ಎಂದೇ ಹೆಸರಿರುವುದನ್ನು ನೆನೆದರೆ, ಕೊಡುವುದು ಮತ್ತು ತೀರಿಸುವುದು ನಮ್ಮ ಜನರ ಬದುಕಿನಲ್ಲಿ ಎಷ್ಟು ಆಳವಾಗಿ ಬೆರೆತಿದೆ ಎಂಬುದು ತಿಳಿಯುತ್ತದೆ.

ಹಿತ್ತಲಿನದೂ ಇದೇ ರೀತಿ. ಮಳೆಗಾಲದ ತಿಂಗಳುಗಳಲ್ಲಿ ಪೇಟೆಯ ದಾರಿ ದೂರವಾಗಿದ್ದ ಕಾಲದಲ್ಲಿ ಕೆಸುವಿನ ಎಲೆ, ಕಳಲೆ, ಅಣಬೆ, ಉಪ್ಪಿನಲ್ಲಿಟ್ಟ ಹಲಸಿನ ತೊಳೆ ಇವೇ ಆಸರೆ. ಕೊಯಿಲು ಮುಗಿದ ಗದ್ದೆಯಲ್ಲಿ, ನೆಲದ ಪಸೆ ಆರುವ ಮುನ್ನ ಅಲಸಂದೆ, ಸೌತೆ, ಹರಿವೆ ಹಾಕುವುದೂ ವಾಡಿಕೆ. ಒಬ್ಬರ ಬೀಜ ಕೆಟ್ಟರೆ ಇನ್ನೊಬ್ಬರ ಬುರುಡೆಯಿಂದ ಹಿಡಿಯಷ್ಟು ಬರುತ್ತಿತ್ತು; ಮುಂದಿನ ವರ್ಷ ಅದು ಹಿಂದಿರುಗುತ್ತಿತ್ತು. ಹೀಗೆ ಕೊಟ್ಟಿದ್ದು ಕೊಟ್ಟವರಿಗೂ ಲಾಭವೇ. ತಮ್ಮ ಹಿತ್ತಲಿನಲ್ಲಿ ತಳಿ ನಾಶವಾದರೂ ನೆರೆಯವರ ಹಿತ್ತಲಿನಲ್ಲಿ ಅದು ಉಳಿದಿರುತ್ತದೆ.

ಬೇಲಿಯ ಹೊರಗಿನವರು

ಇಷ್ಟು ಹೇಳಿ ನಿಲ್ಲಿಸಿದರೆ ಇತಿಹಾಸ ಅರ್ಧವಾಗುತ್ತದೆ. ಮುಯ್ಯಿ ಸಮಾನರ ನಡುವಿನ ವ್ಯವಹಾರ. ತೀರಿಸಲು ನಿಮಗೂ ಗದ್ದೆ ಇರಬೇಕು. ಗದ್ದೆಯೇ ಇಲ್ಲದವರು, ಅದರಲ್ಲೂ ದಲಿತ ಕುಟುಂಬಗಳವರು, ಅದೇ ಕೆಸರಿನಲ್ಲಿ ಅದೇ ಸಸಿ ನೆಟ್ಟರೂ ಮುಯ್ಯಾಳುಗಳಾಗಲಿಲ್ಲ, ಆಳುಗಳಾದರು. ಸಾಲಕ್ಕೆ ಸಿಕ್ಕವರು ಜೀತಕ್ಕೆ ಬಿದ್ದರು. ಜೀತ ಪದ್ಧತಿ ರದ್ದತಿಗೆ ಕಾಯ್ದೆ ಬಂದಿದ್ದು 1976ರಲ್ಲಿ. ಊಟದ ಎಲೆಯಲ್ಲೂ ಅಂತರವಿತ್ತು.

ಕಾಫಿ ಈ ಅಂತರಕ್ಕೆ ಹೊಸ ರೂಪ ಕೊಟ್ಟಿತು. ಹತ್ತೊಂಬತ್ತನೇ ಶತಮಾನದಲ್ಲಿ ಚಿಕ್ಕಮಗಳೂರು ಮತ್ತು ಮಂಜರಾಬಾದ್ ಸೀಮೆಗಳಲ್ಲಿ ಯುರೋಪಿಯನ್ನರೂ ನಮ್ಮವರೂ ಕಾಡು ಕಡಿದು ಕಾಫಿ ತೋಟ ಎಬ್ಬಿಸಿದಾಗ, ಘಟ್ಟದ ಕೆಳಗಿನಿಂದಲೂ ಬಯಲು ಸೀಮೆಯಿಂದಲೂ ಮೇಸ್ತ್ರಿಗಳ ಮೂಲಕ ಮುಂಗಡ ಪಡೆದು ಕೂಲಿಗಳು ಬಂದರು. ಅವರ ವಾಸಕ್ಕೆ ಸಾಲುಮನೆಗಳಾದವು. ಜನರ ಬಾಯಲ್ಲಿ ಅವು ‘ಲೈನು’. ಇಂಗ್ಲೆಂಡಿನಲ್ಲಿ ಕಾರ್ಮಿಕನಿಗೆ ಎರಡೂವರೆ ಗುಂಟೆ ತರಕಾರಿ ನೆಲ ಕಾನೂನಿನ ಮಾತಾಗುತ್ತಿದ್ದ ಕಾಲದಲ್ಲಿ, ಇಲ್ಲಿ ಇಂಗ್ಲಿಷರ ತೋಟದ ಕಾರ್ಮಿಕನಿಗೆ ಸಿಕ್ಕಿದ್ದು ಕೋಣೆ, ಜಗಲಿ, ಜಗಲಿಯಿಂದಿಳಿದರೆ ಕಾಫಿ ಗಿಡ.

ಸ್ವಾತಂತ್ರ್ಯಾನಂತರ ಕಾನೂನುಗಳು ಬಂದವು. 1951ರ ತೋಟ ಕಾರ್ಮಿಕರ ಕಾಯ್ದೆ ಕುಡಿಯುವ ನೀರು, ವಸತಿ, ವೈದ್ಯಕೀಯ ನೆರವು, ಶಿಶುವಿಹಾರಗಳ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ಕೊಡೆ, ಕಂಬಳಿಯ ಪ್ರಸ್ತಾಪವೂ ಅದರಲ್ಲಿತ್ತು. ತರಕಾರಿ ಬೆಳೆಯಲು ತುಂಡು ನೆಲದ ಪ್ರಸ್ತಾಪ ಇರಲಿಲ್ಲ. ದೇವರಾಜ ಅರಸು ಅವರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರದ ವಶಕ್ಕೆ ಬಂದು ಉಳುವವನಿಗೆ ದಕ್ಕುವಂತಾಯಿತು. ಗದ್ದೆಯ ಗೇಣಿದಾರರು ಒಡೆಯರಾದರು. ಆದರೆ ಕಾಫಿ, ಚಹಾ, ರಬ್ಬರ್, ಏಲಕ್ಕಿ, ಮೆಣಸಿನ ತೋಟಗಳನ್ನು ಭೂಮಿತಿಯಿಂದ ಹೊರಗಿಡಲಾಗಿತ್ತು. ಲೈನಿನಲ್ಲಿದ್ದವರು ಗೇಣಿದಾರರೂ ಅಲ್ಲ. ಅವರ ಪಾಲಿಗೆ ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ದೂರದ ಮಾತಾಯಿತು.

ಆದರೂ ಲೈನಿನ ಜನ ಬೆಳೆಯದೆ ಇರಲಿಲ್ಲ. ಬಚ್ಚಲ ನೀರು ಹರಿಯುವಲ್ಲಿ ಬಸಳೆ ಚಪ್ಪರ, ಒಡೆದ ಕೊಡದಲ್ಲಿ ಮೆಣಸಿನ ಗಿಡ, ಮಾಡಿನ ಮೇಲೆ ಕುಂಬಳದ ಬಳ್ಳಿ. ಭಾಷೆ, ಜಾತಿ, ಊರು ಬೇರೆ ಬೇರೆಯಾದ ಜನ ಒಂದೇ ಗೋಡೆಯ ಆಚೀಚೆ ಬಾಳುವಾಗ, ಒಂದು ಹಿಡಿ ಸೊಪ್ಪು ಮೊದಲ ಪರಿಚಯದ ಮಾತಾಗುತ್ತದೆ. ಲಾಭಕ್ಕಲ್ಲದ, ಲೆಕ್ಕಕ್ಕೂ ಸಿಗದ ಈ ಬೆಳೆಯೇ ಕಾಫಿ ನಾಡಿನ ನಿಜವಾದ ಸಮುದಾಯ ತೋಟ ಎನ್ನಬಹುದು. ಆದರೆ ಅದಕ್ಕೆ ಹಕ್ಕಿಲ್ಲ. ಕೆಲಸ ಬಿಟ್ಟ ದಿನ ಚಪ್ಪರವನ್ನೂ ಬಿಟ್ಟು ಹೋಗಬೇಕು.

ಬರಿದಾದ ಗದ್ದೆ

ಇತ್ತ ಮುಯ್ಯಿಯೂ ಉಳಿಯಲಿಲ್ಲ. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಕಾಫಿ ಗಿಡಗಳು ಕರಕಲಾದವು. ಜಗತ್ತಿನಾದ್ಯಂತ ಕಾಫಿ ಬೆಲೆ ಜಿಗಿಯಿತು. ಅದೇ ಹೊತ್ತಿಗೆ ಕಾಫಿ ಮಂಡಳಿಯ ಕಡ್ಡಾಯ ಖರೀದಿ ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಮಾರಾಟ ಪೂರ್ಣ ಮುಕ್ತವಾಯಿತು. ಮಳೆ, ಕಾಡುಪ್ರಾಣಿ, ಆಳಿನ ಕೊರತೆಗಳ ನಡುವೆ ಭತ್ತ ನಷ್ಟದ ಬೆಳೆಯಾಗಿತ್ತು. ಹಲವರು ಗದ್ದೆಗೆ ಅಡಿಕೆ, ಕಾಫಿ, ಶುಂಠಿ ಹಾಕಿದರು; ಕೆಲವರು ಪಾಳು ಬಿಟ್ಟರು. ನಾಟಿ ಇಲ್ಲದ ಮೇಲೆ ಮುಯ್ಯಾಳಿಗೆ ಕೆಲಸವಿಲ್ಲ. ಬಯಲು ಸೀಮೆಯಿಂದ ವಾಹನದಲ್ಲಿ ಬರುವ ಟೊಮೆಟೊ, ಎಲೆಕೋಸು ಅಡುಗೆ ಮನೆಗೆ ಬಂದವು. ಮಲೆನಾಡಿನ ಸಂತೆಯಲ್ಲಿ ಮಲೆನಾಡಿನ ತರಕಾರಿಯನ್ನು ಹುಡುಕಬೇಕಾದ ಸ್ಥಿತಿ ಬಂತು.

ಇದಕ್ಕೆ ಪ್ರತಿಯಾಗಿ ಕೆಲವು ಪ್ರಯತ್ನಗಳೂ ನಡೆದಿವೆ. ಉತ್ತರ ಕನ್ನಡದ ಶಿರಸಿಯಲ್ಲಿ 2001ರಲ್ಲಿ ಮೊಳೆತ ‘ವನಸ್ತ್ರೀ’ ಸಂಘಟನೆ ಅವುಗಳಲ್ಲಿ ಒಂದು. ಮಲೆನಾಡಿನ ಹೆಂಗಸರು ತಮ್ಮ ಹಿತ್ತಲಿನ ತರಕಾರಿ ಬೀಜ, ಗೆಡ್ಡೆಗಳನ್ನು ಉಳಿಸಿ, ಪರಸ್ಪರ ವಿನಿಮಯ ಮಾಡಿಕೊಂಡು, ಮೇಳಗಳಲ್ಲಿ ಮಾರುವ ವ್ಯವಸ್ಥೆಯನ್ನು ಅದು ರೂಪಿಸಿತು. ಬುರುಡೆಯೊಳಗಿನ ಬೀಜಕ್ಕೆ ಹೀಗೆ ಊರಾಚೆಯ ಮಾನ್ಯತೆ ಸಿಕ್ಕಿತು.

ಶಾಲೆಯ ಪಾತಿ

ಇನ್ನೊಂದು ಪ್ರಯತ್ನ ಸರ್ಕಾರದ್ದು. ಶಾಲೆಗಳಲ್ಲಿ ಪೌಷ್ಟಿಕ ಕೈತೋಟ ಮಾಡುವ ಬಗ್ಗೆ ಕೇಂದ್ರ ಸರ್ಕಾರ 2019ರಲ್ಲಿ ಮಾರ್ಗಸೂಚಿ ಹೊರಡಿಸಿತು. ಶಾಲೆಯ ಅಂಗಳದಲ್ಲಿ ಬೆಳೆದ ಸೊಪ್ಪು, ತರಕಾರಿ ಮಧ್ಯಾಹ್ನದ ಬಿಸಿಯೂಟದ ಸಾರಿಗೆ ಸೇರಬೇಕೆಂಬುದು ಉದ್ದೇಶ. ಕಾಫಿ ಸೀಮೆಯ ಸರ್ಕಾರಿ ಶಾಲೆಗಳ ಮಟ್ಟಿಗೆ ಇದಕ್ಕೆ ಹೆಚ್ಚಿನ ಅರ್ಥವಿದೆ. ಲೈನಿನ ಮಗು ಮತ್ತು ಸಣ್ಣ ಹಿಡುವಳಿದಾರನ ಮಗು ಒಂದೇ ಪಾತಿಗೆ ನೀರು ಹಾಕಿ, ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವುದು ಅಲ್ಲಿ. ಹಳೆಯ ಮುಯ್ಯಿಯಲ್ಲಿ ಆಗದೆ ಉಳಿದದ್ದು ಇದೇ. ಆದರೆ ಮಕ್ಕಳ ಸಂಖ್ಯೆ ಕುಸಿದು ಮಲೆನಾಡಿನ ಸರ್ಕಾರಿ ಶಾಲೆಗಳು ಒಂದೊಂದಾಗಿ ಬಾಗಿಲು ಹಾಕಿದರೆ, ಆ ಪಾತಿಯೂ ಅವುಗಳೊಂದಿಗೆ ಹೋಗುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಕೂಡಿ ಬೆಳೆದರೆ ಸ್ನೇಹ ಬೆಳೆಯುತ್ತದೆ ಎಂಬ ಮಾತನ್ನು ಯಾರೂ ಅಲ್ಲಗಳೆಯಲಾರರು. ಅದಕ್ಕೆ ಬೇಕಾದ ನೆಲ ಯಾರದು ಎಂಬ ಪ್ರಶ್ನೆಗೆ ಮಾತ್ರ ಕಾಫಿ ನಾಡು ಇನ್ನೂ ಉತ್ತರ ಕೊಡಬೇಕಾಗಿದೆ. ನೂರಾರು ಎಕರೆಯ ತೋಟದಲ್ಲಿ ಲೈನಿನ ಒಂದೊಂದು ಮನೆಗೂ ಎರಡೂವರೆ ಗುಂಟೆ ಅಲ್ಲದಿದ್ದರೂ ಅರ್ಧ ಗುಂಟೆಯಷ್ಟು ನೆಲ ದೊಡ್ಡ ತ್ಯಾಗವೇನಲ್ಲ. ಮೊಳಕೆಯೊಡೆದ ಸೀಮೆಬದನೆಯನ್ನು ಕೊಡಲು ನೆರೆಯವರು ಸಿದ್ಧರಿರುತ್ತಾರೆ. ಪಡೆದವರಿಗೆ ಅದನ್ನು ನೆಡಲು ಜಾಗ ಇರಬೇಕು.