ಮಡಕೆಗಳು ಹೇಳುವ ಮಾತು: ಕೃಷ್ಣಾ ಸೀಮೆಯ ಪ್ರಾಚೀನ ಸಮಾಧಿಗಳು

ಇತಿಹಾಸವೆಂದರೆ ರಾಜರ ಪಟ್ಟಿ, ಯುದ್ಧಗಳ ತಾರೀಖು ಎಂದೇ ನಮ್ಮಲ್ಲಿ ಅನೇಕರ ಭಾವನೆ. ವಿಜಯಪುರ ಜಿಲ್ಲೆಯವರಾದ ನಮಗೆ ಸಮಾಧಿ ಎಂದೊಡನೆ ನೆನಪಾಗುವುದು ಗೋಲಗುಂಬಜ್ ಮತ್ತು ಇಬ್ರಾಹಿಂ ರೋಜಾ. ಆದರೆ ಆದಿಲ್‌ಶಾಹಿ ಅರಸರಿಗಿಂತ ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಕೃಷ್ಣೆಯ ಆಸುಪಾಸಿನ ಜನರು ತಮ್ಮವರಿಗಾಗಿ ಕಲ್ಲಿನ ಗೋರಿಗಳನ್ನು ಕಟ್ಟಿದ್ದರು. ಒಳಗೆ ಒಪ್ಪವಾಗಿ ಮಡಕೆಗಳನ್ನು ಇಟ್ಟಿದ್ದರು. ಅವರು ಶಾಸನ ಬರೆಸಲಿಲ್ಲ, ಗ್ರಂಥ ಬಿಟ್ಟು ಹೋಗಲಿಲ್ಲ. ಅವರ ಬಗ್ಗೆ ನಮಗೆ ಹೇಳುವ ಸಾಕ್ಷಿಗಳಲ್ಲಿ ಆ ಮಡಕೆಗಳೇ ಮುಖ್ಯವಾದವು.

ನೆರೆಯ ಸುರಪುರ ಸೀಮೆ

ಬಸವನ ಬಾಗೇವಾಡಿ, ಮುದ್ದೇಬಿಹಾಳಗಳನ್ನು ದಾಟಿ ತಾಳಿಕೋಟೆಯಿಂದ ಮುಂದೆ ಹೋದರೆ ಸುರಪುರ ಸೀಮೆ ಸಿಗುತ್ತದೆ. 1841ರಿಂದ 1853ರವರೆಗೆ ಅಲ್ಲಿ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್, ರಾಜನ ಕೋಳೂರಿನ ಚಪ್ಪಡಿ ಕಲ್ಲಿನ ಗೋರಿಗಳನ್ನು ಗುರುತಿಸಿದನು. ಜೇವರ್ಗಿಯ ಬಳಿ ಕಲ್ಲುಗುಪ್ಪೆಗಳನ್ನು ಅಗೆಸಿದಾಗ ಅಸ್ಥಿಗಳ ಜೊತೆ ಮಣ್ಣಿನ ಪಾತ್ರೆಗಳು ಹೊರಬಂದವು. ಸಮುದ್ರದಾಚೆಯ ತನ್ನ ನಾಡಿನಲ್ಲೂ ಇಂಥವೇ ಗೋರಿಗಳಿರುವುದನ್ನು ಕಂಡು ಅವನಿಗೆ ಬಹಳ ಆಶ್ಚರ್ಯವಾಯಿತು. ಅಗೆದದ್ದನ್ನು ಅಳತೆ, ಚಿತ್ರಗಳೊಂದಿಗೆ ಬರೆದಿಟ್ಟದ್ದು ಅವನ ದೊಡ್ಡ ಉಪಕಾರ.

ಇದೇ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರು ನವಶಿಲಾಯುಗದ ದನಗಾಹಿಗಳ ನೆಲೆಯೊಂದನ್ನು ಉತ್ಖನನ ಮಾಡಿದರು. ಅದು ಸುಮಾರು ನಾಲ್ಕು ಸಾವಿರ ವರ್ಷಗಳಷ್ಟು ಹಳೆಯದು. ಅಲ್ಲಿ ಮಕ್ಕಳ ಸಮಾಧಿಗಳು ದೊರೆತವು. ಆ ಕಾಲದ ಕರ್ನಾಟಕದ ಹಲವು ನೆಲೆಗಳಲ್ಲಿ ತೀರಿಹೋದ ಹಸುಗೂಸನ್ನು ಮಡಕೆಯಲ್ಲಿ ಇಟ್ಟು ಜನರು ವಾಸಿಸುವ ಜಾಗದಲ್ಲೇ ಹೂಳುತ್ತಿದ್ದರು. ಬಳ್ಳಾರಿ ಸೀಮೆಯ ತೆಕ್ಕಲಕೋಟೆಯಲ್ಲಿ ಡಾ. ಎಂ.ಎಸ್. ನಾಗರಾಜರಾವ್ ಅವರು 1963ರಿಂದ 1965ರ ನಡುವೆ ನಡೆಸಿದ ಉತ್ಖನನದಲ್ಲಿ ಇಂಥ ಶವಕುಂಭಗಳು ಸಿಕ್ಕವು. ಊರ ಹೊರಗೆ ಒಯ್ಯದೆ ಮನೆಯ ಹತ್ತಿರವೇ ಕೂಸನ್ನು ಉಳಿಸಿಕೊಂಡ ತಾಯಿಯ ಸಂಕಟ ನಾಲ್ಕು ಸಾವಿರ ವರ್ಷಗಳ ನಂತರವೂ ನಮಗೆ ಅರ್ಥವಾಗುತ್ತದೆ.

ಬ್ರಹ್ಮಗಿರಿಯಲ್ಲಿ ಕಂಡದ್ದು

ಕಬ್ಬಿಣದ ಬಳಕೆ ಬಂದ ಮೇಲೆ ದೊಡ್ಡ ಕಲ್ಲುಗಳ ಸಮಾಧಿಗಳು ಹೆಚ್ಚಾದವು. ಇದನ್ನೇ ಬೃಹತ್ ಶಿಲಾ ಸಂಸ್ಕೃತಿ ಎನ್ನುತ್ತಾರೆ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇಂಥ ಹತ್ತು ಸಮಾಧಿಗಳನ್ನು ಅಗೆಸಿದರು. ಅವರು ಕಂಡ ಕ್ರಮ ಹೀಗಿತ್ತು: ಗುಂಡಿ ತೋಡಿ, ನಾಲ್ಕು ಚಪ್ಪಡಿಗಳನ್ನು ಸ್ವಸ್ತಿಕದ ಆಕಾರದಲ್ಲಿ ಒಂದಕ್ಕೊಂದು ಆತು ನಿಲ್ಲುವಂತೆ ನಿಲ್ಲಿಸುತ್ತಿದ್ದರು. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆಯುತ್ತಿದ್ದರು. ತಳದಲ್ಲಿ ಮೊದಲು ಮಡಕೆಗಳನ್ನು ಜೋಡಿಸಿ, ಮೇಲೆ ಮಣ್ಣು ಹರಡಿ, ಅದರ ಮೇಲೆ ಅಸ್ಥಿಗಳನ್ನೂ ಕಬ್ಬಿಣದ ವಸ್ತುಗಳನ್ನೂ ಇಡುತ್ತಿದ್ದರು. ಸಿಕ್ಕಿದ್ದು ಪೂರ್ಣ ದೇಹವಲ್ಲ, ಆಯ್ದ ಮೂಳೆಗಳು. ಎಂದರೆ ದೇಹ ಮಣ್ಣಾದ ಮೇಲೆ ಮೂಳೆಗಳನ್ನು ಆರಿಸಿ ತಂದು ಎರಡನೆಯ ಬಾರಿ ಸಂಸ್ಕಾರ ಮಾಡಿದ್ದರು. ಸಾವಿನ ದಿನಕ್ಕೇ ಅವರ ಕರ್ತವ್ಯ ಮುಗಿದಿರಲಿಲ್ಲ.

ಈ ಗೋರಿಗಳ ವಿಶೇಷ ಗುರುತು ಕಪ್ಪು-ಕೆಂಪು ಮಡಕೆ. ಒಳಭಾಗ ಮತ್ತು ಕಂಠ ಕಪ್ಪು, ಹೊರಮೈ ಕೆಂಪು. ಮಡಕೆಯನ್ನು ಬೋರಲು ಹಾಕಿ ಸುಟ್ಟಾಗ ಗಾಳಿ ತಾಗಿದ ಹೊರಮೈ ಕೆಂಪಾಗುತ್ತದೆ, ಗಾಳಿ ಸಿಗದ ಒಳಭಾಗ ಹೊಗೆಯಿಂದ ಕಪ್ಪಾಗುತ್ತದೆ ಎಂದು ವಿದ್ವಾಂಸರು ವಿವರಿಸಿದ್ದಾರೆ. ಬಟ್ಟಲು, ತಟ್ಟೆ, ಮುಚ್ಚಳ, ಗಡಿಗೆ, ಅವನ್ನು ಕೂರಿಸುವ ಸಿಂಬೆಗಳೂ ಇವೆ. ಕೆಲವದರ ಮೇಲೆ ಸುಟ್ಟ ನಂತರ ಗೀಚಿದ ಗುರುತುಗಳಿವೆ. ಇವೆಲ್ಲ ಉಣ್ಣುವ, ಕುಡಿಯುವ, ಕಾಳು ತುಂಬಿಡುವ ಪಾತ್ರೆಗಳು. ಒಡೆದ ಬೋಕಿಯನ್ನು ಎಸೆದಂತೆ ಎಸೆದದ್ದಲ್ಲ, ಹದವಾಗಿ ಮಾಡಿದ ಒಳ್ಳೆಯ ಪಾತ್ರೆಯನ್ನು ಜೋಪಾನವಾಗಿ ಇಟ್ಟದ್ದು.

ಯಾರಿಗೆ ಕಲ್ಲಿನ ಗೋರಿ?

ಸತ್ತವರಿಗೆ ಮುಂದಿನ ಪಯಣದಲ್ಲಿ ಅನ್ನ ನೀರು ಬೇಕೆಂದು ಇಟ್ಟರು ಎಂಬುದು ಒಂದು ವಿವರಣೆ. ನೆರೆದ ಬಂಧುಬಳಗದ ಊಟದ ಪಾತ್ರೆಗಳು ಇವು, ಮನೆತನದ ಗೌರವ ತೋರಿಸಲು ಇಟ್ಟದ್ದು ಎಂಬುದು ಇನ್ನೊಂದು. ಎರಡೂ ಏಕಕಾಲಕ್ಕೆ ನಿಜವಾಗಿರಬಹುದು. ಒಂದು ಮಾತನ್ನು ಮಾತ್ರ ಮರೆಯಬಾರದು. ಹತ್ತಾರು ಆಳುಗಳು ಕೂಡದೆ ಅಂಥ ಚಪ್ಪಡಿಗಳು ಮೇಲೇಳುವುದಿಲ್ಲ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ಇರುವ ಕಲ್ಮನೆಗಳು ಸುಮಾರು 400. ಶತಮಾನಗಳ ಕಾಲ ಬಾಳಿದ ಜನಕ್ಕೆ ಈ ಸಂಖ್ಯೆ ಚಿಕ್ಕದು. ಹಾಗಾದರೆ ಎಲ್ಲರಿಗೂ ಕಲ್ಲಿನ ಗೋರಿ ಸಿಕ್ಕಿರಲಿಲ್ಲ. ಕಲ್ಲು ಹೊತ್ತವರಲ್ಲಿ, ಮಡಕೆ ಮಾಡಿದವರಲ್ಲಿ ಎಷ್ಟೋ ಮಂದಿ ಗುರುತಿಲ್ಲದೆ ಮಣ್ಣು ಸೇರಿರಬೇಕು. ಅವರ ಬೆರಳಿನ ಕೆಲಸ ಮಾತ್ರ ಮಡಕೆಯಲ್ಲಿ ಉಳಿದಿದೆ.

ಇಂದಿಗೂ ನಮ್ಮ ಹಳ್ಳಿಗಳಲ್ಲಿ ಸಾವಿನ ಮನೆಗೂ ಮಡಕೆಗೂ ನಂಟಿದೆ. ಚಿತೆಯ ಸುತ್ತ ನೀರಿನ ಮಡಕೆ ಹೊತ್ತು ಸುತ್ತಿ ಒಡೆಯುವವರಿದ್ದಾರೆ. ಲಿಂಗಾಯತರು ವಿಭೂತಿಯಿಟ್ಟು ಸಮಾಧಿ ಮಾಡುತ್ತಾರೆ. ನಮ್ಮ ಖಬರಸ್ತಾನದಲ್ಲಿ ಯಾವ ವಸ್ತುವನ್ನೂ ಇಡುವುದಿಲ್ಲ. ಶ್ರೀಮಂತನಿಗೂ ಬಡವನಿಗೂ ಅದೇ ಗುಸುಲ್, ಅದೇ ಬಿಳಿಯ ಕಫನ್, ಅದೇ ಮಣ್ಣು. ರೀತಿಗಳು ಬೇರೆಯಾದರೂ ಹೊಣೆ ಒಂದೇ: ತನಗಾಗಿ ಏನನ್ನೂ ಮಾಡಿಕೊಳ್ಳಲಾಗದವನಿಗೆ ಉಳಿದವರು ಮಾಡಬೇಕಾದ ಕೊನೆಯ ಸೇವೆ.

ನಮ್ಮ ಕರ್ತವ್ಯ

ಹಿರೇಬೆಣಕಲ್ 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಆದರೆ ಹೆಸರಿಲ್ಲದ ಎಷ್ಟೋ ಗೋರಿಗಳು ಕಲ್ಲುಗಣಿಗೆ, ಹೊಲ ಸಮ ಮಾಡುವ ಯಂತ್ರಕ್ಕೆ, ನಿಧಿಯ ಆಸೆಗೆ ಬಲಿಯಾಗುತ್ತಿವೆ. ಇವುಗಳಲ್ಲಿ ಹೆಚ್ಚಾಗಿ ಸಿಗುವುದು ಮೂಳೆ, ಮಡಕೆ, ತುಕ್ಕು ಹಿಡಿದ ಕಬ್ಬಿಣ. ನಿಧಿಗಳ್ಳರು ಒಡೆದು ಬಿಸಾಡುವುದು ಅದನ್ನೇ. ಮಡಕೆ ಯಾವ ಆಳದಲ್ಲಿತ್ತು, ಯಾವುದರ ಪಕ್ಕದಲ್ಲಿತ್ತು ಎಂಬುದು ಅಳಿದ ಮೇಲೆ ಅದು ಬರಿಯ ಮಡಕೆ. ಬ್ರಹ್ಮಗಿರಿಯಲ್ಲಿ ಎರಡನೆಯ ಸಂಸ್ಕಾರದ ವಿಷಯ ತಿಳಿದದ್ದು ಪದರಗಳು ಕದಡದೆ ಉಳಿದಿದ್ದುದರಿಂದಲೇ.

ಆದ್ದರಿಂದ ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ಹೊಲದಲ್ಲಿ, ಗುಡ್ಡದಲ್ಲಿ ಕಲ್ಲಿನ ವೃತ್ತ ಅಥವಾ ಕಪ್ಪು-ಕೆಂಪು ಮಡಕೆಯ ಚೂರು ಕಂಡರೆ ಕೀಳಬೇಡಿ. ಇದ್ದಲ್ಲಿಯೇ ಬಿಟ್ಟು ಚಿತ್ರ ತೆಗೆಯಿರಿ, ಊರು ಮತ್ತು ಸರ್ವೆ ನಂಬರು ಬರೆದುಕೊಳ್ಳಿರಿ, ತಹಸೀಲ್ದಾರರಿಗೆ ಅಥವಾ ಪುರಾತತ್ವ ಇಲಾಖೆಗೆ ತಿಳಿಸಿರಿ. ನೆಲದಲ್ಲಿ ಹುದುಗಿದ ಬೆಲೆಬಾಳುವ ವಸ್ತು ಸಿಕ್ಕರೆ ಅಧಿಕಾರಿಗಳಿಗೆ ತಿಳಿಸಬೇಕೆಂದು 1878ರ ನಿಧಿ ಕಾಯಿದೆಯೂ ಹೇಳುತ್ತದೆ. ಆ ಗೋರಿಯಲ್ಲಿ ಮಲಗಿದವರು ಯಾವ ಮತದವರು, ಯಾರ ಪೂರ್ವಜರು ಎಂದು ಕೇಳುವ ಅಗತ್ಯವಿಲ್ಲ. ಅವರನ್ನು ಯಾರೋ ಪ್ರೀತಿಯಿಂದ ಮಣ್ಣಿಗಿಟ್ಟಿದ್ದಾರೆ. ಅದನ್ನು ಕದಡದೆ ಕಾಯುವುದು ಈಗ ನಮ್ಮ ಪಾಲಿಗೆ ಬಂದ ಕೆಲಸ.