ಬರಿದಾದ ತೊಟ್ಟಿಲಿನ ಮುಂದೆ

“ಮದುವೆ ಬೇಕು, ಮಕ್ಕಳು ಬೇಡ” ಎಂಬ ಯುವದಂಪತಿಗಳ ಮಾತು ಕೇಳಿದರೆ ಹಿರಿಯರು ಬೆಚ್ಚುತ್ತಾರೆ. ಆದರೆ ಸಂತಾನವಿಲ್ಲದ ಬಾಳು ನಮ್ಮ ಭೀಮಾ ತೀರಕ್ಕೆ ಹೊಸದೇನಲ್ಲ.

ಜೇವರ್ಗಿಯ ವಚನಕಾರ ಷಣ್ಮುಖಸ್ವಾಮಿಗಳು 17ನೆಯ ಶತಮಾನದಲ್ಲಿ ವಿರಕ್ತರಾಗಿ ಬಾಳಿದರು. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ನೆಲೆಸಿದ್ದ ನರಸಿಂಹ ಸರಸ್ವತಿಗಳು ಸಂನ್ಯಾಸಿಗಳು. ಇಂಥವರಿಗೆ ಮಕ್ಕಳೇಕಿಲ್ಲವೆಂದು ಯಾರೂ ಕೇಳಲಿಲ್ಲ, ಪಾದಕ್ಕೆರಗಿದರು. ಅದೇ ಗಾಣಗಾಪುರದಲ್ಲಿ ಅರವತ್ತರ ವಯಸ್ಸಿನ ಗೃಹಿಣಿಯೊಬ್ಬಳು ಅಶ್ವತ್ಥವೃಕ್ಷವನ್ನು ಸೇವಿಸಿ ಸಂತಾನ ಪಡೆದ ಕಥೆಯನ್ನು ‘ಗುರುಚರಿತ್ರೆ’ ಹೇಳುತ್ತದೆ. ಮಠದಲ್ಲಿ ತ್ಯಾಗವೆನಿಸಿದ್ದು ಮನೆಯಲ್ಲಿ ‘ಬಂಜೆತನ’ವೆನಿಸಿತು. ಅದರ ಭಾರ ಹೊತ್ತವಳು ಹೆಣ್ಣು. ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕೆ ಹರಕೆ ಹೊತ್ತು ಬರುವವರಲ್ಲಿಯೂ ಇಂಥ ತಾಯಂದಿರ ನೋವು ಇದ್ದೀತು.

ಸಂತಾನದ ವಿಷಯದಲ್ಲಿ ಆಯ್ಕೆ ಎಂಬ ಮಾತು ಬಂದದ್ದು ತೀರ ಈಚೆಗೆ. ಈ ಮೂರೂ ತಾಲ್ಲೂಕುಗಳು ನಿಜಾಮರ ಆಳ್ವಿಕೆಯಲ್ಲಿದ್ದಾಗ, 1930ರಲ್ಲಿ, ನೆರೆಯ ಮೈಸೂರು ಸಂಸ್ಥಾನವು ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಿತು. ಅದೇ ವರ್ಷ ಡಿಸೆಂಬರ್ 31ರಂದು ಜಗದ್ಗುರು ಹನ್ನೊಂದನೆಯ ಪಿಯುಸ್‌ರವರು ಕೃತಕ ನಿಯಂತ್ರಣವನ್ನು ನಿಷೇಧಿಸುವ ವಿಶ್ವಪತ್ರವನ್ನು ಹೊರಡಿಸಿದರು. 1968ರಲ್ಲಿ ಜಗದ್ಗುರು ಆರನೆಯ ಪೌಲರು ಆ ಬೋಧನೆಯನ್ನು ದೃಢಪಡಿಸಿದರಾದರೂ, ಗಂಭೀರ ಕಾರಣಗಳಿದ್ದಲ್ಲಿ ಸ್ವಾಭಾವಿಕ ವಿಧಾನದಿಂದ ಹೆರಿಗೆಗಳ ನಡುವೆ ಅಂತರವಿರಿಸಿಕೊಳ್ಳಬಹುದೆಂದರು. 1975-77ರ ತುರ್ತುಪರಿಸ್ಥಿತಿಯಲ್ಲಿ ನಡೆದ ಬಲವಂತದ ಶಸ್ತ್ರಚಿಕಿತ್ಸೆಗಳು, ಆಯ್ಕೆಯ ಹೆಸರಿನಲ್ಲಿಯೂ ದಬ್ಬಾಳಿಕೆ ನಡೆಯಬಹುದೆಂದು ತೋರಿಸಿದವು.

ಇನ್ನು ಆರೋಗ್ಯದ ದೃಷ್ಟಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಮಹಿಳೆಯೊಬ್ಬರಿಗೆ ಸರಾಸರಿ 1.7 ಮಕ್ಕಳು. ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ ಸುಮಾರು 57 ಮಂದಿ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದಾರೆ; ಪುರುಷರ ಪಾಲು ಹೆಚ್ಚುಕಡಿಮೆ ಶೂನ್ಯ. ಹೆರುವ ಹೊರೆಯಂತೆ ತಡೆಯುವ ಹೊರೆಯೂ ಹೆಣ್ಣಿನದೇ. ಮಕ್ಕಳಾಗದಿರಲು ಗಂಡಿನ ದೋಷವೂ ಕಾರಣವಿರಬಹುದೆಂದು ವೈದ್ಯರು ಹೇಳಿದರೂ ಪರೀಕ್ಷೆಗೆ ಮೊದಲು ಹೋಗುವವಳು ಅವಳೇ.

ಧರ್ಮಸಭೆಯ ಬೋಧನೆ ಸ್ಪಷ್ಟ: ವಿವಾಹ ಜೀವಕ್ಕೆ ತೆರೆದಿರಬೇಕು. ಮಕ್ಕಳನ್ನು ಬಯಸದಿರುವುದು ಸ್ವಾರ್ಥವೆಂದು ಜಗದ್ಗುರು ಫ್ರಾನ್ಸಿಸ್‌ರವರು 2015ರಲ್ಲಿ ಎಚ್ಚರಿಸಿದರು. ಆದರೆ ದೇವರು ಮಕ್ಕಳನ್ನು ಕೊಡದ ದಂಪತಿಗಳ ಬಾಳೂ ಪ್ರೀತಿಯಲ್ಲಿ, ಆತಿಥ್ಯದಲ್ಲಿ, ತ್ಯಾಗದಲ್ಲಿ ಫಲಭರಿತವಾಗಬಲ್ಲದೆಂದು ಅದೇ ಧರ್ಮಸಭೆ ಕಲಿಸುತ್ತದೆ.

ಹಾಗಾದರೆ ನಮ್ಮ ನೆರೆಮನೆಯ ತೊಟ್ಟಿಲು ಬರಿದಾಗಿರುವುದು ಆಯ್ಕೆಯಿಂದಲೋ, ರೋಗದಿಂದಲೋ, ಸಾಲದ ಭಯದಿಂದಲೋ? ಹೊರಗೆ ನಿಂತ ನಮಗೆ ತಿಳಿಯದು. ದೇವಾಲಯದಲ್ಲಿ ತುಟಿಯಲ್ಲಾಡಿಸುತ್ತಾ ಕಣ್ಣೀರಿಟ್ಟ ಹನ್ನಳನ್ನು ಯಾಜಕ ಏಲಿಯು ಕುಡಿದವಳೆಂದು ಗದರಿಸಿದ. ಅವಳ ಮಾತನ್ನು ಆಲಿಸಿದ ಮೇಲೆ ಆಶೀರ್ವದಿಸಿ ಕಳುಹಿಸಿದ. ಪ್ರಿಯ ಓದುಗರೇ, “ಇನ್ನೂ ವಿಶೇಷವಿಲ್ಲವೇ?” ಎಂದು ಕೇಳುವ ಮುನ್ನ ಏಲಿಯ ಆ ತಪ್ಪನ್ನು ನೆನೆಯೋಣ. ಮೊದಲು ಆಲಿಸೋಣ, ಬೋಧನೆಗೆ ಆಮೇಲೆ ಸಮಯವಿದ್ದೇ ಇದೆ.