ಹಳೆಯ ಸಂಗ್ರಹ ಮಾಧ್ಯಮಗಳ ದತ್ತಾಂಶ ವೇಗ: ಮಾನಗಳು ಮತ್ತು ಪರಿವರ್ತನೆ

ಹಳೆಯ ಗಣಕಗಳ ಸಂಗ್ರಹ ಮಾಧ್ಯಮಗಳು ದತ್ತಾಂಶವನ್ನು ಎಷ್ಟು ವೇಗವಾಗಿ ಒದಗಿಸುತ್ತಿದ್ದವು ಎಂಬುದನ್ನು ಇಂದಿನ ಮಾನಕ್ಕೆ ತರುವುದು ಮೇಲ್ನೋಟಕ್ಕೆ ಎಂಟರಿಂದ ಭಾಗಿಸುವ ಸರಳ ಲೆಕ್ಕ. ಎಂಟು ಬಿಟ್‌ಗಳಿಗೆ ಒಂದು ಬೈಟ್. ಆದರೆ ಟೇಪಿನ ವೇಗವನ್ನು ಅಂಗುಲಗಳಲ್ಲಿಯೂ, ಸಿ.ಡಿ.ಯದನ್ನು ‘ಇಷ್ಟು ಪಟ್ಟು’ ಎಂದೂ, ಮೋಡೆಮ್ಮಿನದನ್ನು ಬಿಟ್‌ಗಳಲ್ಲಿಯೂ ಹೇಳುವ ರೂಢಿ ಬೆಳೆದುಬಂದಿತು. ಊರು ಬಿಡುವಾಗ ಪೆಟ್ಟಿಗೆಯಲ್ಲಿ ತಂದ ಫ್ಲಾಪಿ, ಸಿ.ಡಿ.ಗಳಲ್ಲಿ ಹಿರಿಯರ ಪತ್ರಗಳನ್ನೋ ಕೂಟದ ಹಳೆಯ ಸಂಚಿಕೆಗಳನ್ನೋ ಇರಿಸಿಕೊಂಡವರಿಗೆ ಇದು ಬರಿಯ ಇತಿಹಾಸದ ಮಾತಲ್ಲ. ಅವನ್ನು ಓದಿಸಿ ಉಳಿಸಿಕೊಳ್ಳಲು ಎಷ್ಟು ಹೊತ್ತು ಬೇಕು, ಬಂದದ್ದು ಪೂರ್ಣವಾಗಿ ಬಂದಿದೆಯೇ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಈ ಲೆಕ್ಕದಲ್ಲಿಯೇ ಇದೆ.

ಮೊದಲ ತೊಡಕು ‘ಕಿಲೋ’ ಎಂಬ ಪದದ್ದು. ಅದರ ಅರ್ಥ ಸಾವಿರ; ಗಣಕದವರು ಅದನ್ನು 1024ಕ್ಕೂ ಬಳಸಿದರು. ಈ ಗೊಂದಲವನ್ನು ನೀಗಲು ಅಂತರರಾಷ್ಟ್ರೀಯ ವಿದ್ಯುತ್ ತಂತ್ರಜ್ಞಾನ ಆಯೋಗವು 1998ರಲ್ಲಿ 1024ಕ್ಕೆ ‘ಕಿಬಿ’, ಅದರ ವರ್ಗಕ್ಕೆ ‘ಮೆಬಿ’ ಎಂಬ ಉಪಸರ್ಗಗಳನ್ನು ಗೊತ್ತುಪಡಿಸಿತು. ಹಳೆಯ ಮಾಧ್ಯಮಗಳ ಹೊದಿಕೆಯ ಮೇಲೆ ಈ ಪದಗಳನ್ನು ಹುಡುಕಿ ಪ್ರಯೋಜನವಿಲ್ಲ.

ಟೇಪಿನ ಲೆಕ್ಕ ಎಲ್ಲಕ್ಕಿಂತ ಸ್ವಾರಸ್ಯವಾದುದು. 1952ರಲ್ಲಿ ಬಂದ ಐ.ಬಿ.ಎಂ. 726 ಯಂತ್ರದಲ್ಲಿ ಅಂಗುಲಕ್ಕೆ 100 ಅಕ್ಷರಗಳು ಹಿಡಿಯುತ್ತಿದ್ದವು. ಪಟ್ಟಿ ಸೆಕೆಂಡಿಗೆ 75 ಅಂಗುಲ ಓಡುತ್ತಿತ್ತು. ಗುಣಿಸಿದರೆ ಸೆಕೆಂಡಿಗೆ 7,500 ಅಕ್ಷರ. ಇದನ್ನೇ 7,500 ಬೈಟ್ ಎಂದು ಬರೆದುಬಿಟ್ಟರೆ ತಪ್ಪಾಗುತ್ತದೆ, ಏಕೆಂದರೆ ಏಳು ಜಾಡುಗಳ ಆ ಪಟ್ಟಿಯಲ್ಲಿ ಒಂದು ಜಾಡು ದೋಷಪರೀಕ್ಷೆಯದು. ಅಕ್ಷರಕ್ಕೆ ಉಳಿಯುವುದು ಆರೇ ಬಿಟ್. ಇಂದಿನ ಬೈಟ್‌ಗಳಲ್ಲಿ ಅದು 5,625. ಮುಂದೆ 1964ರ ಸಿಸ್ಟಂ/360ರೊಡನೆ ಒಂಬತ್ತು ಜಾಡುಗಳ ಪಟ್ಟಿ ಬಂದಿತು: ಎಂಟು ಬಿಟ್, ಒಂದು ಪರೀಕ್ಷೆಯದು. ಇಲ್ಲಿ ‘ಅಂಗುಲಕ್ಕೆ 1600 ಬಿಟ್’ ಎಂಬ ಮಾತು ಒಂದೊಂದು ಜಾಡಿಗೆ ಸಂಬಂಧಿಸಿದ್ದು. ಜಾಡುಗಳು ಅಕ್ಕಪಕ್ಕದಲ್ಲಿರುವುದರಿಂದ ಅದು ನೇರವಾಗಿ ಅಂಗುಲಕ್ಕೆ 1600 ಬೈಟ್ ಎಂದಾಗುತ್ತದೆ, ಎಂಟರಿಂದ ಭಾಗಿಸಬಾರದು. ಪಟ್ಟಿ ಸೆಕೆಂಡಿಗೆ 125 ಅಂಗುಲ ಓಡಿದರೆ ವೇಗ 2,00,000 ಬೈಟ್.

ಇದು ಕಾಗದದ ಮೇಲಿನ ವೇಗ. ಒಂದು ದತ್ತಾಂಶ ಖಂಡಕ್ಕೂ ಇನ್ನೊಂದಕ್ಕೂ ನಡುವೆ 0.6 ಅಂಗುಲ ಬರಿದಾದ ಜಾಗವಿರುತ್ತಿತ್ತು. 80 ಅಕ್ಷರಗಳ ರಂಧ್ರಪತ್ರವೊಂದನ್ನು ಒಂದು ಖಂಡವಾಗಿ ಬರೆದರೆ ಅದು ಹಿಡಿಯುವ ಜಾಗ 0.05 ಅಂಗುಲ, ಹಿಂದೆಯೇ 0.6 ಅಂಗುಲ ಖಾಲಿ. ಅಂದರೆ ಪಟ್ಟಿಯಲ್ಲಿ ಹದಿಮೂರರಲ್ಲಿ ಒಂದು ಪಾಲು ಮಾತ್ರ ದತ್ತಾಂಶ. ಪಟ್ಟಿ ಎಲ್ಲಿಯೂ ನಿಲ್ಲದೆ ಓಡಿದರೂ ಎರಡು ಲಕ್ಷ ಬೈಟ್‌ಗಳ ವೇಗ ಸುಮಾರು 15,400ಕ್ಕೆ ಇಳಿಯುತ್ತದೆ. 2,400 ಅಡಿಯ ಸುರುಳಿಯಲ್ಲಿ 46 ಮೆಗಾಬೈಟ್ ಹಿಡಿಯಬೇಕಾದಲ್ಲಿ ಮೂರೂವರೆ ಹಿಡಿಯುತ್ತದೆ. ಹಲವು ಪತ್ರಗಳನ್ನು ಒಟ್ಟುಗೂಡಿಸಿ ದೊಡ್ಡ ಖಂಡವಾಗಿ ಬರೆಯುವ ಪದ್ಧತಿ ಏಕೆ ಬೇಕಾಯಿತೆಂಬುದು ಇದರಿಂದಲೇ ತಿಳಿಯುತ್ತದೆ.

ಮೂರೂವರೆ ಅಂಗುಲದ ಫ್ಲಾಪಿಯ ಮೇಲಿನ ‘1.44 ಮೆಗಾಬೈಟ್’ ಎಂಬ ಬರಹ ಎರಡು ಮಾನಗಳ ವಿಚಿತ್ರ ಬೆರಕೆ. ಜಾಡಿಗೆ 512 ಬೈಟ್‌ಗಳ 18 ವಿಭಾಗ, ಬದಿಗೆ 80 ಜಾಡು, ಎರಡು ಬದಿ: ಒಟ್ಟು 14,74,560 ಬೈಟ್. ದಶಮಾನದಲ್ಲಿ ಇದು 1.47 ಮೆಗಾಬೈಟ್, ದ್ವಿಮಾನದಲ್ಲಿ 1.41 ಮೆಬಿಬೈಟ್. 1.44 ಬರುವುದು 1024ರಿಂದ ಒಮ್ಮೆ, 1000ದಿಂದ ಒಮ್ಮೆ ಭಾಗಿಸಿದಾಗ ಮಾತ್ರ! ತಟ್ಟೆ ನಿಮಿಷಕ್ಕೆ 300 ಸುತ್ತು, ಸೆಕೆಂಡಿಗೆ ಐದು ಸುತ್ತು ತಿರುಗುವುದರಿಂದ ಜಾಡಿನ 9,216 ಬೈಟ್‌ಗಳು ಐದು ಬಾರಿ ದೊರೆತು ಸೆಕೆಂಡಿಗೆ 46,080 ಬೈಟ್ ಆಗುತ್ತದೆ. ಇಡೀ ತಟ್ಟೆಗೆ 32 ಸೆಕೆಂಡು. ಜಾಡಿನಿಂದ ಜಾಡಿಗೆ ಸರಿಯುವ ಹೊತ್ತು ಇದಕ್ಕೆ ಸೇರುತ್ತದೆ; ಓದುಯಂತ್ರವನ್ನು ಯಾವ ಹೊಸ ಕೇಬಲಿಗೆ ಜೋಡಿಸಿದರೂ ಈ ಕಾಲ ಕಡಿಮೆಯಾಗದು. ಪ್ರತಿರೂಪದ ಕಡತ ಸರಿಯಾಗಿ 14,74,560 ಬೈಟ್ ಇಲ್ಲದಿದ್ದರೆ ಎಲ್ಲೋ ಒಂದು ವಿಭಾಗ ತಪ್ಪಿಹೋಗಿದೆ ಎಂದೇ ಅರ್ಥ. ಮೂಲ ತಟ್ಟೆಯನ್ನು ಎಸೆಯುವ ಮುನ್ನ ಈ ಅಂಕಿಯನ್ನು ನೋಡುವುದು ಲೇಸು.

ಸಿ.ಡಿ.ಯಲ್ಲಿ ‘ಒಂದು ಪಟ್ಟು’ ಎಂಬುದು ಸಂಗೀತ ನುಡಿಸುವ ವೇಗ: ಸೆಕೆಂಡಿಗೆ 75 ವಿಭಾಗ. ಸಂಗೀತಕ್ಕೆ ಪ್ರತಿ ವಿಭಾಗದಲ್ಲಿ 2,352 ಬೈಟ್ ದೊರೆತರೆ, ದತ್ತಾಂಶದ ತಟ್ಟೆಯಲ್ಲಿ ದೋಷ ತಿದ್ದುವ ಸಂಕೇತಗಳು ಮೊದಲಾದವಕ್ಕೆ ಜಾಗ ಬಿಟ್ಟು 2,048 ಮಾತ್ರ. ಹೀಗಾಗಿ ಒಂದೇ ವೇಗ ಸಂಗೀತಕ್ಕೆ 1,76,400 ಬೈಟ್, ದತ್ತಾಂಶಕ್ಕೆ 1,53,600. ಎರಡನೆಯದೇ ಪ್ರಸಿದ್ಧವಾದ 150 ಕಿಬಿಬೈಟ್. ‘52 ಪಟ್ಟು’ ಎಂಬ ಯಂತ್ರದ ಹೆಮ್ಮೆ ತಟ್ಟೆಯ ಹೊರ ಅಂಚಿಗೆ ಮಾತ್ರ ಸಲ್ಲುತ್ತದೆ. ಓದು ಆರಂಭವಾಗುವ ಒಳಭಾಗದಲ್ಲಿ ಅದರ ಅರ್ಧವೂ ಇರದು. ಡಿ.ವಿ.ಡಿ.ಯ ಒಂದು ಪಟ್ಟು ಬೇರೆಯೇ ಅಳತೆ, ಸುಮಾರು 1.385 ಮೆಗಾಬೈಟ್; ಸಿ.ಡಿ.ಯ ಒಂಬತ್ತರಷ್ಟು.

ಎಂಟರ ಬದಲು ಹತ್ತರಿಂದ ಭಾಗಿಸಬೇಕಾದ ಸಂದರ್ಭಗಳೂ ಇವೆ. ಹಳೆಯ ಸರಣಿ ಕೇಬಲಿನಲ್ಲಿ ಸಾಮಾನ್ಯವಾಗಿ ಪ್ರತಿ ಬೈಟಿನ ಮುಂದೆ ಆರಂಭದ ಬಿಟ್ ಒಂದು, ಹಿಂದೆ ಮುಕ್ತಾಯದ ಬಿಟ್ ಒಂದು ಸಾಗುತ್ತಿದ್ದವು. 9,600 ಬಿಟ್ ವೇಗದಲ್ಲಿ ದೊರೆಯುವುದು 1,200 ಅಲ್ಲ, 960 ಬೈಟ್. ಒಂದು ಫ್ಲಾಪಿಯನ್ನು ಆ ದಾರಿಯಲ್ಲಿ ಕಳುಹಿಸಲು 25 ನಿಮಿಷ 36 ಸೆಕೆಂಡು. ಮೊದಲ ಸಾಟಾ ಕೇಬಲಿನ 1.5 ಗಿಗಾಬಿಟ್ 150 ಮೆಗಾಬೈಟ್ ಆಗುವುದೂ ಹೀಗೆಯೇ. ಅಲ್ಲಿ ಎಂಟು ಬಿಟ್‌ಗಳನ್ನು ಹತ್ತರಲ್ಲಿ ಸಂಕೇತಿಸುತ್ತಾರೆ.

ಕನ್ನಡದ ಕಡತಗಳಿಗೆ ಇನ್ನೊಂದು ಪರಿವರ್ತನೆ ಸೇರುತ್ತದೆ. ಇಸ್ಕಿಯಲ್ಲಿ ‘ಕ್ಷ’ಕ್ಕೆ ಕಕಾರ, ಹಲಂತ, ಷಕಾರ ಎಂದು ಮೂರು ಬೈಟ್ ಸಾಕು. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಆ ಮೂರರಲ್ಲಿ ಪ್ರತಿಯೊಂದಕ್ಕೂ ಮೂರು ಬೈಟ್ ಬೇಕು, ಒಟ್ಟು ಒಂಬತ್ತು. ಬರಹ, ನುಡಿ ಮೊದಲಾದವುಗಳ ಹಳೆಯ ಫಾಂಟ್ ಸಂಕೇತಗಳಲ್ಲಿ ಅಕ್ಷರವನ್ನು ತುಣುಕುಗಳಾಗಿ ಜೋಡಿಸುತ್ತಿದ್ದುದರಿಂದ ಅನುಪಾತ ನಿಖರವಾಗಿ ಮೂರರಷ್ಟಲ್ಲ. ಖಾಲಿ ಜಾಗಕ್ಕಂತೂ ಎರಡರಲ್ಲಿಯೂ ಒಂದೇ ಬೈಟ್. ಆದ್ದರಿಂದ ಫ್ಲಾಪಿಯಿಂದ ಬಂದ ಕಡತದ ಗಾತ್ರವನ್ನು ಮೂಲದೊಡನೆ ಹೋಲಿಸುವುದಾದರೆ ಯೂನಿಕೋಡಿಗೆ ಬದಲಿಸುವ ಮೊದಲೇ ಹೋಲಿಸಬೇಕು, ಬದಲಿಸದ ಪ್ರತಿಯೊಂದನ್ನು ಹಾಗೆಯೇ ಉಳಿಸಿಕೊಳ್ಳಬೇಕು.